ಎರಡು ಸಲ ಬೋರ್ ಮಾಡಿಸಿದರೂ ಜಾಮ್ ಆದ ಜಾವಾ: ಒಂದು ಪ್ರಕರಣ ಅಧ್ಯಯನ

ಗಾಡಿ 1968ರ ಜಾವಾ 250 ಬೈಕ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಮಾಲೀಕರು ಉಡುಪಿ ಹತ್ತಿರದ ಕಟಪಾಡಿಯವರು, ಬ್ಯಾಂಕ್ ಕೆಲಸದಿಂದ ನಿವೃತ್ತರಾದವರು. ಗಾಡಿ ಅವರ ತಂದೆಯ ಕಾಲದ್ದು. ಊರೊಳಗೆ ಅದಕ್ಕೆ ಯಾವ ತೊಂದರೆಯೂ ಇರಲಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದೇ ಸಮನೆ ಸ್ವಲ್ಪ ದೂರ ಓಡಿಸಿದರೆ ಮಾತ್ರ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು. ಮೊದಲ ಸಲ ಮೂಲ್ಕಿ ದಾಟಿದ ಮೇಲೆ ಹಾಗಾಯಿತು. ಬ್ಲಾಕ್ ಬೋರ್ ಮಾಡಿಸಿ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ ಕೆರೆಸಿ ಸ್ವಲ್ಪ ಅಗಲ ಮಾಡಿಸಿ, ಅದಕ್ಕೆ ಹೊಂದುವ ಹೊಸ ಪಿಸ್ಟನ್ ಹಾಕಿಸಿದರು. ಮರುವರ್ಷ ಪುನಃ ಜಾಮ್, ಪುನಃ ಬೋರ್. ಮೂರನೇ ಸಲ ಕಾಪು ಮತ್ತು ಪಡುಬಿದ್ರಿ ನಡುವೆ ಹಿಂದಿನ ಚಕ್ರ ಎಳೆದುಕೊಂಡು ನಿಂತಿತು. ತಣ್ಣಗಾದ ಮೇಲೆ ಕಿಕ್ಕರ್ ಇಳಿಯಿತು, ಎಂಜಿನ್ ಸ್ಟಾರ್ಟ್ ಕೂಡ ಆಯಿತು. ಆದರೆ ಓಡಿಸುವ ಧೈರ್ಯ ಅವರಿಗೆ ಉಳಿದಿರಲಿಲ್ಲ. ಟೆಂಪೋದಲ್ಲಿ ಹಾಕಿಕೊಂಡು ಮಂಗಳೂರಿಗೆ ನನ್ನ ಶೆಡ್ಡಿಗೆ ತಂದರು.

"ಎಂತ ಮಾಡುದು ಮಾರಾಯ್ರೆ, ಹಾಫ್ ಎಂಜಿನ್ ಕೆಲಸ ಎರಡು ಸಲ ಆಯ್ತು. ಇನ್ನೊಂದು ಸಲ ಬೋರ್ ಮಾಡಿಸಿ ಕೊಡಿ, ನೋಡುವ" ಅಂದರು.

ನಾನು ಆಗಲೇ ಬೋರಿಗೆ ಒಪ್ಪಲಿಲ್ಲ. ಜಾವಾ 250ರ ಬೋರ್ (ಸಿಲಿಂಡರಿನ ಒಳ ಅಗಲ) ಮೂಲದಲ್ಲಿ 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75 ಮಿ.ಮೀ. ಅವರ ಹತ್ತಿರವಿದ್ದ ಬಿಲ್ ಪ್ರಕಾರ ಮೊದಲ ಸಲ 65.50ಕ್ಕೆ ಹೋಗಿದೆ, ಎರಡನೇ ಸಲ 65.75ಕ್ಕೆ. ನನ್ನ ಕೈಗೆ ಸಿಗುವ ಪಿಸ್ಟನ್ ಕಿಟ್‌ಗಳಲ್ಲಿ 66ಕ್ಕಿಂತ ದೊಡ್ಡದು ಇರಲಿಲ್ಲ. ಅಂದರೆ ಉಳಿದಿರುವುದು ಒಂದೇ ಬೋರ್. ಅದೂ ಹಾಳಾದರೆ ಬ್ಲಾಕಿಗೆ ಸ್ಲೀವ್, ಅಂದರೆ ಒಳಗೆ ಹೊಸ ಕೊಳವೆ, ಹಾಕಿಸಬೇಕು. ಟೂ-ಸ್ಟ್ರೋಕ್ ಬ್ಲಾಕಿನಲ್ಲಿ ಮಿಶ್ರಣ, ಹೊಗೆ ಹಾಯುವ ತೂತುಗಳು, ಅಂದರೆ ಪೋರ್ಟ್‌ಗಳು ಇರುವುದರಿಂದ ಸ್ಲೀವ್ ಹಾಕಿದ ಮೇಲೆ ಅವನ್ನೆಲ್ಲ ಸರಿಯಾದ ಎತ್ತರಕ್ಕೆ ಕೊರೆಯಬೇಕಾಗುತ್ತದೆ. ಅದನ್ನು ಚೆನ್ನಾಗಿ ಮಾಡುವವರು ಬಹಳ ಕಡಿಮೆ. ಐಡಿಯಲ್ ಜಾವಾ 1961ರಲ್ಲಿ ಗಾಡಿ ತಯಾರಿಸಲು ಶುರು ಮಾಡಿತು, 1973ರಿಂದ ಯೆಜ್ಡಿ ಹೆಸರಿನಲ್ಲಿ ಮಾರಿತು, 1996ರಲ್ಲಿ ಬಾಗಿಲು ಹಾಕಿತು. ಆ ಕಾರ್ಖಾನೆಯ ಬ್ಲಾಕ್ ಇನ್ನು ಹೊಸದಾಗಿ ಬರುವುದಿಲ್ಲ. ಇರುವ ಕಬ್ಬಿಣವನ್ನು ಕೆರೆದು ಹಾಕುವ ಮೊದಲು, ಮೂರು ಸಲ ಯಾಕೆ ಜಾಮ್ ಆಯಿತು ಅಂತ ಗೊತ್ತಾಗಲೇಬೇಕಿತ್ತು.

ಹಿಂದೆ ಎರಡು ಸಲ ಕೆಲಸ ಮಾಡಿದವರ ಬೋರಿಂಗ್‌ನಲ್ಲಿ ದೋಷ ಇರಲಿಲ್ಲ. ಮುಂದೆ ಅಳತೆ ನೋಡಿದಾಗ ಅದು ಸ್ಪಷ್ಟವಾಯಿತು. ಒಳ್ಳೆಯ ಕೈಯ ಕೆಲಸ. ಆದರೆ ಹಾಳಾದ ಭಾಗವನ್ನು ಸರಿ ಮಾಡಿ ಕೊಟ್ಟರು, ಹಾಳು ಮಾಡಿದ್ದು ಏನು ಅಂತ ಯಾರೂ ಹುಡುಕಲಿಲ್ಲ.

ಮೊದಲು ಕೇಳಿದ್ದು

ಬಿಚ್ಚುವ ಮುಂಚೆ ಮಾಲೀಕರ ಜೊತೆ ಕೂತು ಮಾತಾಡಿದೆ. ಆಯಿಲ್ ಹೇಗೆ ಹಾಕುತ್ತೀರಿ? ಲೀಟರಿಗೆ 40 ಮಿಲಿ, ಅಳತೆ ಲೋಟದಲ್ಲಿ, ಪ್ರತಿ ಸಲವೂ. ಅಂದರೆ 1:25. ಹಳೆ ಜಾವಾಕ್ಕೆ ಸರಿಯಾದ ಪ್ರಮಾಣ. ಬ್ಯಾಂಕಿನವರ ಲೆಕ್ಕ, ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ. ಪೆಟ್ರೋಲ್ ಹರಿವು? ಪೈಪ್ ತೆಗೆದು ಬಾಟಲಿಗೆ ಬಿಟ್ಟು ನೋಡಿದೆ. ಟ್ಯಾಂಕಿನ ಮುಚ್ಚಳ ಹಾಕಿಯೂ ನೋಡಿದೆ, ಯಾಕೆಂದರೆ ಮುಚ್ಚಳದ ಗಾಳಿ ತೂತು ಮುಚ್ಚಿದ್ದರೆ ಸ್ವಲ್ಪ ಹೊತ್ತಿನ ಮೇಲೆ ಹರಿವು ನಿಧಾನವಾಗುತ್ತದೆ. ಹೆದ್ದಾರಿಯಲ್ಲಿ ಮಾತ್ರ ಕಾಣಿಸಿಕೊಳ್ಳುವ ತೊಂದರೆಗೆ ಅದೂ ಒಂದು ಕಾರಣ ಆಗಬಹುದು. ಹರಿವು ಚೆನ್ನಾಗಿತ್ತು. ಕಿಡಿ ಕೊಡಿಸುವ ಪಾಯಿಂಟ್‌ನ ಗ್ಯಾಪ್ 0.4 ಮಿ.ಮೀ. ಇತ್ತು, ಸರಿ. ಟೈಮಿಂಗ್ (ಕಿಡಿ ಹಾರುವ ಹೊತ್ತು) ಡಯಲ್ ಗೇಜ್ ಹಾಕಿ ನೋಡಿದೆ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಮಿತಿಯೊಳಗೇ ಇತ್ತು. ಸೈಲೆನ್ಸರ್‌ಗಳಲ್ಲಿ ಕಾರ್ಬನ್ ಇತ್ತು, ಆದರೆ ಕಟ್ಟಿಕೊಳ್ಳುವಷ್ಟು ಇರಲಿಲ್ಲ.

ಪ್ಲಗ್ ತೆಗೆದಾಗ ಬಿಳಿ. ಬಿಸ್ಕತ್ತಿನ ಕಂದು ಬಣ್ಣ ಇರಬೇಕಾದ ಜಾಗದಲ್ಲಿ ಸುಣ್ಣ ಬಳಿದ ಹಾಗೆ ಇತ್ತು. ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಹೋಗುತ್ತಿದೆ ಅಂತ ಅದರ ಅರ್ಥ.

ಇನ್ನೊಂದು ಮಾತು ಅವರು ಹೋಗುವಾಗ ಹೇಳಿದರು. "ಸಿಗ್ನಲ್‌ನಲ್ಲಿ ನಿಂತರೆ ರೇಸ್ ತನ್ನಷ್ಟಕ್ಕೇ ಏರ್ತದೆ. ಆಕ್ಸಿಲರೇಟರ್ ಬಿಟ್ಟರೂ ಬೇಗ ಇಳಿಯುದಿಲ್ಲ. ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ಕೊಟ್ಟಿದ್ದರು, ಈಗ ಅಷ್ಟು ಗೊತ್ತಾಗುದಿಲ್ಲ." ನನಗೆ ಬೇಕಿದ್ದ ಸುಳಿವು ಅದರಲ್ಲೇ ಇತ್ತು. ರೇಸ್ ತಾನಾಗಿ ಏರುವುದು, ಬಿಟ್ಟಾಗ ಇಳಿಯದೇ ನೇತಾಡುವುದು ಟೂ-ಸ್ಟ್ರೋಕ್‌ನಲ್ಲಿ ಎಲ್ಲೋ ಗಾಳಿ ಒಳಗೆ ಹೋಗುತ್ತಿರುವುದರ ಗುರುತು. ಸ್ಕ್ರೂ ತಿರುಗಿಸಿದರೆ ಆ ಗುರುತು ಮರೆಯಾಗುತ್ತದೆ, ಗಾಳಿ ಹೋಗುವುದು ನಿಲ್ಲುವುದಿಲ್ಲ.

ಫೋರ್-ಸ್ಟ್ರೋಕ್ ಗಾಡಿ ಮಾತ್ರ ನೋಡಿದವರಿಗಾಗಿ ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಜಾವಾ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿರುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸೇ ಪಂಪು. ಪಿಸ್ಟನ್ ಮೇಲೆ ಹೋಗುವಾಗ ಕೆಳಗೆ ನಿರ್ವಾತ ಉಂಟಾಗಿ ಕಾರ್ಬುರೇಟರಿನಿಂದ ಪೆಟ್ರೋಲ್, ಆಯಿಲ್, ಗಾಳಿ ಸೇರಿದ ಮಿಶ್ರಣವನ್ನು ಎಳೆಯುತ್ತದೆ. ಕೆಳಗೆ ಬರುವಾಗ ಅದನ್ನೇ ಒತ್ತಿ ಮೇಲೆ ಕಳಿಸುತ್ತದೆ. ಬೇರಿಂಗಿಗೆ, ಪಿಸ್ಟನ್ನಿಗೆ, ಬೋರಿಗೆ ಆಯಿಲ್ ಸಿಗುವುದು ಆ ಮಿಶ್ರಣದಿಂದ ಮಾತ್ರ. ಕ್ರ್ಯಾಂಕ್‌ಕೇಸ್ ಎಲ್ಲಾದರೂ ಸೋರಿದರೆ ಆ ದಾರಿಯಲ್ಲಿ ಬರುವ ಗಾಳಿಯಲ್ಲಿ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಎಂಜಿನ್ ಬಿಸಿ ಏರುತ್ತದೆ, ಅದೇ ಹೊತ್ತಿಗೆ ಆಯಿಲ್ ಕಡಿಮೆಯಾಗುತ್ತದೆ. ಊರೊಳಗೆ ನಿಲ್ಲಿಸಿ ಹೊರಡುವ ಓಡಾಟದಲ್ಲಿ ಅದು ಹೇಗೋ ತಡೆದುಕೊಳ್ಳುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಒಂದೇ ಸಮ ಎಳೆದಾಗ ತಡೆಯುವುದಿಲ್ಲ.

ಬಿಚ್ಚುವ ಮುಂಚೆ ಮಾಡಿದ ಪರೀಕ್ಷೆ

ಹೆಚ್ಚಿನ ಕಡೆ ಗಾಡಿ ಬಂದ ಕೂಡಲೇ ಹೆಡ್ ಬಿಚ್ಚುತ್ತಾರೆ. ಹಾಗೆ ಮಾಡಿದರೆ ಸೋರಿಕೆ ಎಲ್ಲಿತ್ತು ಅಂತ ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. ಪ್ಯಾಕಿಂಗ್ ಹರಿದ ಮೇಲೆ ಅದು ಮೊದಲೇ ಸೋರುತ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು? ಈ ಎಂಜಿನ್ ತಣ್ಣಗಾಗಿ ತಿರುಗುತ್ತಿದ್ದದ್ದು ನಮ್ಮ ಅದೃಷ್ಟ. ಇದ್ದ ಸ್ಥಿತಿಯಲ್ಲೇ ಗಾಳಿ ತುಂಬಿ ನೋಡಬಹುದಿತ್ತು.

ಇದಕ್ಕೆ ದುಬಾರಿ ಸಾಮಾನು ಬೇಡ. ಬಿ.ಪಿ. ನೋಡುವ ಡಯಲ್ ಯಂತ್ರ ಸಾಕು. ಕೈಗೆ ಕಟ್ಟುವ ಪಟ್ಟಿ ತೆಗೆದು ಬಲ್ಬ್ ಮತ್ತು ಡಯಲ್ ಇಟ್ಟುಕೊಳ್ಳಬೇಕು. ಅದರ ಡಯಲ್ 300ರವರೆಗೆ ಇರುತ್ತದೆ. ಪಾದರಸದ ಲೆಕ್ಕದಲ್ಲಿ 300 ಮಿ.ಮೀ. ಅಂದರೆ ಸುಮಾರು 5.8 ಪಿ.ಎಸ್.ಐ. ಟೂ-ಸ್ಟ್ರೋಕ್ ಕ್ರ್ಯಾಂಕ್‌ಕೇಸ್ ಪರೀಕ್ಷೆಗೆ ಸಾಮಾನ್ಯವಾಗಿ ಕೊಡುವುದು 6 ಪಿ.ಎಸ್.ಐ. ಹತ್ತಿರ. ಎರಡೂ ಹೆಚ್ಚುಕಡಿಮೆ ಒಂದೇ. ಜಾಸ್ತಿ ಒತ್ತಡ ಕೊಟ್ಟರೆ ಒಳ್ಳೆಯ ಸೀಲ್ (ಶಾಫ್ಟ್ ಹೊರಬರುವ ಕಡೆ ಗಾಳಿ ತಡೆಯುವ ರಬ್ಬರ್ ಬಳೆ) ಕೂಡ ಜಾಗ ಬಿಡಬಹುದು, ಕಂಪ್ರೆಸರ್ ಪೈಪ್ ನೇರವಾಗಿ ಹಿಡಿಯಲೇಬಾರದು.

ಜಾವಾಕ್ಕೆ ಎಕ್ಸಾಸ್ಟ್ ಬಾಯಿ ಎರಡು. ಎರಡಕ್ಕೂ ರಬ್ಬರ್ ಬಿರಡೆ ಹಾಕಿ ಬಿಗಿ ಮಾಡಿದೆ. ಕಾರ್ಬುರೇಟರ್ ತೆಗೆದು, ಅದರ ಜಾಗಕ್ಕೆ ದಪ್ಪ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಅದರಲ್ಲಿ ಒಂದು ನಿಪ್ಪಲ್ ಹಾಕಿದೆ. ಪ್ಲಗ್ ಇದ್ದಲ್ಲೇ ಇತ್ತು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಈ ಎಂಜಿನ್ನಿನಲ್ಲಿ ಇನ್‌ಟೇಕ್ ದಾರಿಯನ್ನು ತೆರೆಯುವುದೂ ಮುಚ್ಚುವುದೂ ಪಿಸ್ಟನ್ನೇ. ಪಿಸ್ಟನ್ ಮೇಲಿದ್ದಾಗ ಆ ದಾರಿ ಕ್ರ್ಯಾಂಕ್‌ಕೇಸಿಗೆ ತೆರೆದಿರುತ್ತದೆ, ಕೆಳಗೆ ಬಂದರೆ ಪಿಸ್ಟನ್ನಿನ ಅಂಚು ಅದನ್ನು ಮುಚ್ಚುತ್ತದೆ. ಆದ್ದರಿಂದ ಪಿಸ್ಟನ್ ಮೇಲಿಟ್ಟೇ ಗಾಳಿ ತುಂಬಬೇಕು. ಕೆಳಗಿಟ್ಟು ತುಂಬಿ 'ಎಲ್ಲ ಸರಿಯಿದೆ' ಅಂದುಕೊಂಡವರನ್ನು ನೋಡಿದ್ದೇನೆ.

ಒಳ್ಳೆಯ ಎಂಜಿನ್ನಾದರೆ ಒಂದು ನಿಮಿಷಕ್ಕೆ ಬಹಳವೆಂದರೆ 1 ಪಿ.ಎಸ್.ಐ. ಇಳಿಯಬಹುದು, ಈ ಡಯಲ್‌ನಲ್ಲಿ ಸುಮಾರು 50. ನಮ್ಮ ಮುಳ್ಳು 300ಕ್ಕೆ ಏರಲೇ ಇಲ್ಲ. ಬಲ್ಬ್ ಒತ್ತುತ್ತಾ ಇದ್ದಷ್ಟು ಹೊತ್ತು 150ರ ಆಸುಪಾಸು, ಕೈ ಬಿಟ್ಟ ಕೂಡಲೇ ಸೊನ್ನೆ.

ಸೋಪಿನ ನೀರನ್ನು ಬ್ರಷ್‌ನಲ್ಲಿ ಎಲ್ಲ ಜೋಡಣೆಗಳಿಗೂ ಹಚ್ಚಿದೆ. ಬ್ಲಾಕಿನ ಬುಡದ ಪ್ಯಾಕಿಂಗ್, ಕ್ರ್ಯಾಂಕ್‌ಕೇಸ್ ಎರಡು ಭಾಗ ಸೇರುವ ಗೆರೆ, ಕಾರ್ಬುರೇಟರ್ ಜಾಗ, ಎಲ್ಲೂ ಗುಳ್ಳೆ ಇಲ್ಲ. ಗೇರ್ ಆಯಿಲ್ ಹಾಕುವ ತೂತಿಗೆ ಕಿವಿ ಕೊಟ್ಟೆ, ಸದ್ದಿಲ್ಲ; ಹಾಗಾಗಿ ಕ್ಲಚ್ ಬದಿಯ ಸೀಲ್ ತಕ್ಕಮಟ್ಟಿಗೆ ಸರಿ. ಅಲ್ಲಿ ಸೋರಿದ್ದರೆ ಗೇರ್ ಆಯಿಲ್ ಎಳೆದುಕೊಂಡು ದಟ್ಟ ಬಿಳಿ ಹೊಗೆ ಕೂಡ ಬರುತ್ತಿತ್ತು, ಅದರ ದೂರೇ ಇರಲಿಲ್ಲ. ಉಳಿದದ್ದು ಬಲಬದಿ. ಬಲಗಡೆ ಕವರ್ ತೆಗೆದು ಡೈನಮೋ ಬಿಚ್ಚಿ, ಅದರ ಹಿಂದಿನ ಸೀಲಿಗೆ ಸೋಪಿನ ನೀರು ಹಚ್ಚಿ ಪುನಃ ಬಲ್ಬ್ ಒತ್ತಿದೆ. ಶಾಫ್ಟಿನ ಸುತ್ತ ನೊರೆ ಉಕ್ಕಿತು.

ಸೀಲ್ ತೆಗೆದು ನೋಡಿದರೆ ತುಟಿ ಕಲ್ಲಿನಂತೆ ಗಟ್ಟಿ. ಅದಕ್ಕಿಂತ ಮುಖ್ಯವಾದದ್ದು ಶಾಫ್ಟಿನ ಮೇಲಿತ್ತು. ಸೀಲಿನ ತುಟಿ ಕೂರುವ ಜಾಗದಲ್ಲಿ ಸಣ್ಣ ಸಣ್ಣ ತುಕ್ಕಿನ ಗುಂಡಿಗಳು. ಗಾಡಿ ಪ್ರತಿ ಮಳೆಗಾಲವೂ ಸಮುದ್ರಕ್ಕೆ ಹತ್ತಿರದ ಮನೆಯ ಚಾವಡಿಯ ಪಕ್ಕದ ಶೆಡ್ಡಿನಲ್ಲಿ ನಾಲ್ಕು ತಿಂಗಳು ಸುಮ್ನೆ ನಿಂತಿರುತ್ತಿತ್ತು. ನಮ್ಮ ಕರಾವಳಿಯ ತೇವ, ಉಪ್ಪು ಗಾಳಿ, ಅಲುಗದೇ ನಿಂತ ಶಾಫ್ಟ್. ಸೀಲ್ ಒತ್ತಿಕೊಂಡಿರುವ ಗೆರೆಯಲ್ಲೇ ತುಕ್ಕು ಹಿಡಿಯುತ್ತದೆ. ಮೊದಲ ಬೋರ್ ಕೆಲಸದಲ್ಲಿ ಸುಮ್ನೆ ಹೊಸ ಸೀಲ್ ಹಾಕಿದ್ದರೂ ಆ ಗುಂಡಿಗಳು ಅದರ ತುಟಿಯನ್ನು ಬೇಗ ಸವೆಸುತ್ತಿದ್ದವು.

ಪಿಸ್ಟನ್ ಹೇಳಿದ್ದು

ಇಷ್ಟಾದ ಮೇಲೆ ಹೆಡ್ ಮತ್ತು ಬ್ಲಾಕ್ ಎತ್ತಿದೆ. ಪಿಸ್ಟನ್ ಕೈಗೆ ಬಂದ ಕೂಡಲೇ ಒರೆಸಬಾರದು. ಬಟ್ಟೆ ಹಾಕಿ ಉಜ್ಜಿದರೆ ಅರ್ಧ ಸಾಕ್ಷಿ ಹೋಗುತ್ತದೆ.

ಜಾಮ್ ಆದ ಪಿಸ್ಟನ್ನಿನಲ್ಲಿ ಗೀರು ಎಲ್ಲಿ ಬಿದ್ದಿದೆ ಅನ್ನುವುದೇ ಮುಖ್ಯ. ನಾಲ್ಕು ಮೂಲೆಗಳಲ್ಲಿ ಉದ್ದುದ್ದ ಗೀರು ಇದ್ದರೆ ಬೋರ್ ಬಿಗಿಯಾಗಿದೆ, ಇಲ್ಲವೇ ತಣ್ಣಗಿನ ಎಂಜಿನ್ನನ್ನು ಒಮ್ಮೆಲೇ ಎಳೆದಿದ್ದಾರೆ. ಪಿಸ್ಟನ್ ಬೇಗ ಹಿಗ್ಗಿತು, ಬ್ಲಾಕ್ ಅಷ್ಟು ಬೇಗ ಹಿಗ್ಗಲಿಲ್ಲ. ಇನ್‌ಟೇಕ್ ಬದಿಯಲ್ಲಿ ಬೂದು ಬಣ್ಣದ ನುಣ್ಣನೆ ಸವೆತ ಇದ್ದರೆ ಏರ್ ಫಿಲ್ಟರ್ ದಾಟಿ ಧೂಳು ಬರುತ್ತಿದೆ. ತಲೆಯ ಮೇಲೆ ತೂತು ಬಿದ್ದಿದ್ದರೆ ಟೈಮಿಂಗ್ ತೀರಾ ಮುಂದಿದೆಯೋ, ಪ್ಲಗ್ ತಪ್ಪಾಗಿದೆಯೋ ನೋಡಬೇಕು. ಪಿಸ್ಟನ್ನಿನ ಸುತ್ತಲಿನ ರಿಂಗ್ ಮುರಿದಿದ್ದರೆ ಪೋರ್ಟಿನ ಅಂಚಿಗೆ ಬೆರಳು ಹಾಕಿ ನೋಡಬೇಕು. ಬೋರ್ ಆದ ಮೇಲೆ ಅಂಚು ಹರಿತವಾಗಿ ಉಳಿದಿರಬಹುದು.

ಇಲ್ಲಿ ಗೀರು ಇದ್ದದ್ದು ಎಕ್ಸಾಸ್ಟ್ ಬದಿಯಲ್ಲಿ ಮಾತ್ರ, ಎರಡೂ ಬಾಯಿಗಳ ಎದುರಿಗೆ. ಇನ್‌ಟೇಕ್ ಬದಿ ಹೊಸದರ ಹಾಗೆ ಇತ್ತು. ಪಿಸ್ಟನ್ ಮಗುಚಿ ನೋಡಿದರೆ ತಲೆಯ ಅಡಿಭಾಗದಲ್ಲಿ ಆಯಿಲ್ ಸುಟ್ಟು ಕಪ್ಪಾಗಿ ಅಂಟಿತ್ತು. ಅಷ್ಟು ಬಿಸಿ ಏರಿತ್ತು. ಬಿಗಿ ಬೋರಿನ ಗುರುತು ಎಲ್ಲೂ ಇಲ್ಲ. ಸೋರಿಕೆಯ ಕಥೆಗೂ ಇದಕ್ಕೂ ಪೂರ್ತಿ ಹೊಂದಿಕೆಯಾಯಿತು.

ಬೋರ್ ಬೇಡ ಅಂದ ನಿರ್ಧಾರ

ಬ್ಲಾಕನ್ನು ಬಂದರಿನ ಲೇತ್ ವರ್ಕ್ಸಿಗೆ ತೆಗೆದುಕೊಂಡು ಹೋದೆ, ಅಳತೆಗೆ. ಅಲ್ಲಿಯವರು ಒಳಗೆ ಬೆರಳಾಡಿಸಿ, "ಗೆರೆ ಉಂಟಲ್ಲ ಸಾರ್, ಮುಂದಿನ ಸೈಜ್ ಹೊಡೆದು ಬಿಡುವ" ಅಂದರು. ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಎಕ್ಸಾಸ್ಟ್ ಬಾಯಿಯ ಪಕ್ಕ ಬೆಳ್ಳಗೆ ಪಟ್ಟೆಗಳು, ಉಗುರಿಗೆ ತಾಗುವಷ್ಟು.

ಆದರೆ ಆ ಪಟ್ಟೆ ಕಬ್ಬಿಣದ ಗಾಯವೇ ಆಗಿರಬೇಕು ಅಂತಿಲ್ಲ. ಪಿಸ್ಟನ್ ಅಲ್ಯೂಮಿನಿಯಂ, ಜಾವಾದ ಬ್ಲಾಕ್ ಎರಕದ ಕಬ್ಬಿಣ. ಜಾಮ್ ಆಗುವಾಗ ಮೆತ್ತಗಿನ ಅಲ್ಯೂಮಿನಿಯಂ ಕರಗಿ ಕಬ್ಬಿಣದ ಮೇಲೆ ಮೆತ್ತಿಕೊಳ್ಳುತ್ತದೆ. ಅನೇಕ ಸಲ ಅದರ ಕೆಳಗಿನ ಕಬ್ಬಿಣ ಹಾಗೇ ಇರುತ್ತದೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಕಬ್ಬಿಣವನ್ನು ಮುಟ್ಟುವುದಿಲ್ಲ. ಕೈಗವಸು, ಕನ್ನಡಕ ಹಾಕಿಕೊಂಡು, ಬಯಲಿನಲ್ಲಿ, ಹತ್ತಿಯಲ್ಲಿ ಅದ್ದಿ ಪಟ್ಟೆಗಳಿಗೆ ಮಾತ್ರ ಹಚ್ಚಿದೆ. ನೊರೆ ಬರುವವರೆಗೆ ಅಲ್ಲಿ ಅಲ್ಯೂಮಿನಿಯಂ ಉಳಿದಿದೆ ಅಂತ ಅರ್ಥ. ಹೊರಡುವ ಅನಿಲಕ್ಕೆ ಬೇಗ ಬೆಂಕಿ ಹಿಡಿಯುತ್ತದೆ, ಹತ್ತಿರ ಬೆಂಕಿ ಇರಬಾರದು. ಈ ಕೆಲಸವನ್ನು ಅಲ್ಯೂಮಿನಿಯಂ ಬ್ಲಾಕ್ ಇರುವ ಗಾಡಿಗೆ ಮಾಡಲೇಬಾರದು, ಬ್ಲಾಕೇ ಕರಗುತ್ತದೆ.

ನೊರೆ ನಿಂತ ಮೇಲೆ ಚೆನ್ನಾಗಿ ತೊಳೆದು ಒರೆಸಿ ನೋಡಿದರೆ ಪಟ್ಟೆಗಳು ಬಹುತೇಕ ಮಾಯ. ಉಗುರಿಗೆ ತಾಗದಂಥ ತೆಳು ಗೆರೆಗಳು ಉಳಿದಿದ್ದವು. ಬೋರ್ ಗೇಜಿನಲ್ಲಿ ಮೂರು ಎತ್ತರದಲ್ಲಿ, ಎರಡು ದಿಕ್ಕಿನಲ್ಲಿ ಅಳೆದೆವು. 65.80ರಿಂದ 65.81. ಹಗುರವಾಗಿ ಹೋನಿಂಗ್ ಮಾಡಿದ ಮೇಲೆ, ಅಂದರೆ ಕಲ್ಲಿನಿಂದ ಒಳಮೈ ಉಜ್ಜಿದ ಮೇಲೆ, 65.81, ಒಂದು ಕಡೆ 65.82. ಹೊಸ 65.75 ಪಿಸ್ಟನ್ನಿನ ಅಂಚಿನ ಬುಡದಲ್ಲಿ, ಗಜನ್ ಪಿನ್ನಿಗೆ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಅಡ್ಡ ದಿಕ್ಕಿನಲ್ಲಿ ಮೈಕ್ರೋಮೀಟರ್ ಹಿಡಿದರೆ 65.74. ಅಂದರೆ ಸಡಿಲ 0.07, ಒಂದು ಕಡೆ 0.08. ಕಬ್ಬಿಣದ ಬ್ಲಾಕಿನ ಟೂ-ಸ್ಟ್ರೋಕಿಗೆ ಹಳೆಯ ರೂಢಿ ಬೋರಿನ ಪ್ರತಿ ಇಂಚಿಗೆ ಇಂಚಿನ ಸಾವಿರದಲ್ಲಿ ಒಂದು ಪಾಲು ಸಡಿಲ. 65 ಚಿಲ್ಲರೆ ಮಿ.ಮೀ.ಗೆ ಅದು 0.065ರ ಹತ್ತಿರ. ನಮ್ಮದು ಕೂದಲೆಳೆಯಷ್ಟು ಸಡಿಲ. ತಣ್ಣಗಿದ್ದಾಗ ಪಿಸ್ಟನ್ ಸದ್ದು ಸ್ವಲ್ಪ ಕೇಳಬಹುದು ಅಂತ ಮಾಲೀಕರಿಗೆ ಮುಂಚೆಯೇ ಹೇಳಿದೆ. ಆ ಸದ್ದನ್ನು ಒಪ್ಪಿಕೊಂಡರೆ 66ರ ಬೋರ್ ಮುಂದಿನ ಕಾಲಕ್ಕೆ ಉಳಿಯುತ್ತದೆ. ಅವರು ಸ್ವಲ್ಪ ಯೋಚಿಸಿ, "ಸದ್ದು ಇರಲಿ, ಬ್ಲಾಕ್ ಉಳಿಯಲಿ" ಅಂದರು. ಲೇತಿನವರಿಗೆ ಅಷ್ಟು ಒಪ್ಪಿಗೆ ಇರಲಿಲ್ಲ. ಹೊಸ ಬೋರಿಗೆ ಹೊಸ ಪಿಸ್ಟನ್ ಕೊಟ್ಟರೆ ಅವರ ಕೆಲಸಕ್ಕೆ ಒಂದು ಮುಕ್ತಾಯ ಇರುತ್ತದೆ, ಅದು ನನಗೂ ಅರ್ಥವಾಗುತ್ತದೆ. ಆದರೂ 57 ವರ್ಷದ ಬ್ಲಾಕಿನಿಂದ ಅಗತ್ಯವಿಲ್ಲದೆ ಕಾಲು ಮಿಲಿಮೀಟರ್ ತೆಗೆಯುವುದನ್ನು ನಾನು ಒಪ್ಪಲಾರೆ.

ಜೋಡಣೆ

ಶಾಫ್ಟಿನ ಕೆಲಸ ಮೊದಲು. ತುಂಬಾ ನುಣ್ಣನೆಯ ಎಮರಿ ಪಟ್ಟಿಗೆ ಆಯಿಲ್ ಹಾಕಿ ತುಕ್ಕಿನ ಗೆರೆಯನ್ನು ಸುತ್ತಲೂ ಹೊಳಪಿಸಿದೆ, ಒಳಗೆ ಪುಡಿ ಬೀಳದಂತೆ ಗ್ರೀಸ್ ಮತ್ತು ಬಟ್ಟೆಯಲ್ಲಿ ತಡೆ ಕಟ್ಟಿ. ಗುಂಡಿಗಳು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಹೊಸ ಸೀಲನ್ನು ಮೊದಲಿನ ಜಾಗಕ್ಕಿಂತ ಸುಮಾರು 1 ಮಿ.ಮೀ. ಹೊರಗೆ ಕೂರಿಸಿದೆ. ತುಟಿ ಈಗ ಹಾಳಾಗದ ಲೋಹದ ಮೇಲೆ ಕೂರುತ್ತದೆ. ಸ್ಪ್ರಿಂಗ್ ಇರುವ ಬದಿ ಕ್ರ್ಯಾಂಕ್‌ಕೇಸಿನ ಕಡೆಗೆ. ತುಟಿಗೆ ಗ್ರೀಸ್ ತುಂಬಿಯೇ ಹಾಕಬೇಕು, ಒಣಗಿದ ತುಟಿ ಮೊದಲ ಸುತ್ತಿನಲ್ಲೇ ಸುಡುತ್ತದೆ. ವೈಟಾನ್ ಸೀಲ್ ಹುಡುಕಿ ತಂದೆ, ಮಾಮೂಲಿ ರಬ್ಬರಿಗಿಂತ ಬಿಸಿಯನ್ನೂ ಎಥನಾಲ್ ಬೆರೆಸಿದ ಪೆಟ್ರೋಲನ್ನೂ ಚೆನ್ನಾಗಿ ತಡೆಯುತ್ತದೆ.

ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿದರೆ ಸಡಿಲ ಇಲ್ಲ. ಗಜನ್ ಪಿನ್ ಬುಶ್ಶಿನೊಳಗೆ ಹೆಬ್ಬೆರಳ ಒತ್ತಡಕ್ಕೆ ಜಾರುತ್ತಿತ್ತು, ಅಲುಗಾಡುತ್ತಿರಲಿಲ್ಲ. ಬುಶ್ ಹಾಗೇ ಬಿಟ್ಟೆ. ಪಿನ್ ಜಾರದಂತೆ ಹಿಡಿಯುವ ಲಾಕ್ ಎರಡೂ ಹೊಸವು. ಹಳೆಯ ಲಾಕ್ ಪುನಃ ಹಾಕುವುದು ಉಳಿತಾಯವೇ ಅಲ್ಲ, ಅದು ಬಿಚ್ಚಿಕೊಂಡರೆ ಬ್ಲಾಕಿನಲ್ಲಿ ಕಾಲುವೆ ತೋಡುತ್ತದೆ. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ಅದರ ಎರಡು ತುದಿಗಳ ನಡುವಿನ ಬಾಯಿಯನ್ನು ಫೀಲರ್ ಗೇಜಿನಲ್ಲಿ ಅಳೆದೆ: 0.30 ಮಿ.ಮೀ. ಒಳ್ಳೆಯ ಅಳತೆ. ಪೋರ್ಟ್‌ಗಳ ಅಂಚನ್ನು ಸಣ್ಣ ಕಲ್ಲಿನಿಂದ ಮೆಲ್ಲಗೆ ಮುರಿದೆ. ಬ್ಲಾಕನ್ನು ಬಿಸಿನೀರು ಮತ್ತು ಸೋಪಿನಲ್ಲಿ ತೊಳೆದೆ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವವರೆಗೆ. ಹೋನಿಂಗ್ ಪುಡಿ ಪೆಟ್ರೋಲಿಗೆ ಹೋಗುವುದಿಲ್ಲ, ಸೋಪಿಗೆ ಹೋಗುತ್ತದೆ. ಒಣಗಿದ ಕ್ಷಣವೇ ಆಯಿಲ್ ಹಚ್ಚಬೇಕು, ನಮ್ಮಲ್ಲಿ ಊಟ ಮಾಡಿ ಬರುವಷ್ಟರಲ್ಲಿ ತುಕ್ಕು ಕಾಣಿಸುತ್ತದೆ.

ಪಿಸ್ಟನ್ನಿನ ಬಾಣದ ಗುರುತು ಎಕ್ಸಾಸ್ಟ್ ಕಡೆಗೆ, ರಿಂಗ್ ಬಾಯಿಗಳು ರಿಂಗ್ ಕೂರುವ ಗಾಡಿಯಲ್ಲಿರುವ ತಮ್ಮ ತಮ್ಮ ಸಣ್ಣ ಪಿನ್ನಿನ ಮೇಲೆ. ಬ್ಲಾಕ್ ಇಳಿಸುವಾಗ ತಿರುಚಬಾರದು. ತಿರುಚಿದರೆ ರಿಂಗಿನ ತುದಿ ಪೋರ್ಟಿಗೆ ಸಿಕ್ಕಿಕೊಂಡು ಮುರಿಯುತ್ತದೆ. ಹೆಡ್ಡಿನ ಮುಖವನ್ನು ಗಾಜಿನ ಮೇಲೆ ಎಮರಿ ಕಾಗದ ಹಾಸಿ ಸಮ ಮಾಡಿದೆ. ನಟ್‌ಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿದೆ. ಪುನಃ ಬಿ.ಪಿ. ಯಂತ್ರ. 300ಕ್ಕೆ ಏರಿಸಿ ಬಿಟ್ಟರೆ ಒಂದು ನಿಮಿಷದ ಮೇಲೆ 280.

ಪೆಟ್ರೋಲಿನ ಮಾತು

ಸೋರಿಕೆ ಮುಖ್ಯ ಕಾರಣ. ಆದರೆ ಈಗ ಬಂಕಿನಲ್ಲಿ ಸಿಗುವ ಇ20 (ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ) ಪೆಟ್ರೋಲ್ ಕೂಡ ಅದಕ್ಕೆ ಜೊತೆಯಾಗಿತ್ತು ಅಂತ ನನ್ನ ಅಭಿಪ್ರಾಯ. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹಾಗಾಗಿ ಬರೀ ಪೆಟ್ರೋಲಿಗೆ ಹೊಂದಿಸಿದ ಹಳೆಯ ಜೆಟ್ಟಿನಲ್ಲಿ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ಇ20 ಹರಿದರೆ ಮಿಶ್ರಣ ಕೆಲವು ಪಾಲು ತೆಳುವಾಗುತ್ತದೆ. ಸರಿಯಿದ್ದ ಎಂಜಿನ್ ಅದನ್ನು ತಡೆಯುತ್ತದೆ, ಮೊದಲೇ ಗಾಳಿ ಎಳೆಯುತ್ತಿದ್ದ ಎಂಜಿನ್ನಿಗೆ ಅದು ಭಾರ. ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಗಲಿ ಅಂತ ಕಾರ್ಬುರೇಟರಿನ ನೀಡಲ್ ಕ್ಲಿಪ್ ಒಂದು ಗೆರೆ ಕೆಳಗಿಳಿಸಿ ಸೂಜಿ ಎತ್ತರಿಸಿದೆ. ಎಥನಾಲ್ ತೇವವನ್ನೂ ಹೀರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕ್ ತಿಂಗಳುಗಟ್ಟಲೆ ನಿಂತರೆ ನೀರು ಬೇರ್ಪಟ್ಟು ಅಡಿಯಲ್ಲಿ ಕೂರಬಹುದು. ಆ ಪದರದ ಜೊತೆ ಆಯಿಲ್ ಸರಿಯಾಗಿ ಬೆರೆಯುವುದಿಲ್ಲ.

ಓಡಿಸಿ ನೋಡಿದ್ದು

ಮೊದಲು ಲೀಟರಿಗೆ 50 ಮಿಲಿ ಆಯಿಲ್, ನಿಧಾನದ ಓಡಾಟ, ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ ಮತ್ತೊಮ್ಮೆ ನೋಡಿದ್ದು, ಇದೆಲ್ಲ ಎಲ್ಲರಿಗೂ ಗೊತ್ತಿರುವ ಕ್ರಮ. ರೇಸ್ ಈಗ ಬಿಟ್ಟ ಕೂಡಲೇ ಇಳಿಯುತ್ತದೆ. ಹೊಂದಿಕೊಂಡ ಮೇಲೆ ಹೆದ್ದಾರಿಯಲ್ಲಿ ಕಟಪಾಡಿಯಿಂದ ಮಂಗಳೂರಿನವರೆಗೆ ಗಂಟೆಗೆ 65ರ ವೇಗದಲ್ಲಿ ನಿಲ್ಲಿಸದೆ ಬಂದರು. ಕೊಟ್ಟಾರ ಚೌಕಿಯಲ್ಲಿ ಪ್ಲಗ್ ತೆಗೆದರೆ ತಿಳಿ ಕಂದು.

ಆಮೇಲೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ. ಹತ್ತುವಾಗ ನನಗೆ ಹೆದರಿಕೆ ಇರಲಿಲ್ಲ, ಅಲ್ಲಿ ಥ್ರಾಟಲ್ ತೆರೆದಿರುತ್ತದೆ, ಆಯಿಲ್ ಬರುತ್ತಿರುತ್ತದೆ. ಎಚ್ಚರ ಬೇಕಾದದ್ದು ಇಳಿಯುವಾಗ. ಥ್ರಾಟಲ್ ಮುಚ್ಚಿ ಗೇರಿನಲ್ಲಿ ಇಳಿಸಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲ್ ಬರುವುದು ತೀರಾ ಕಡಿಮೆ, ಅದರ ಜೊತೆ ಬರುವ ಆಯಿಲೂ ಅಷ್ಟೇ. ಬೈಕ್ ಕಲಿತದ್ದೇ ಫೋರ್-ಸ್ಟ್ರೋಕ್‌ನಲ್ಲಿ ಆದವರಿಗೆ ಇದು ಹೊಳೆಯುವುದಿಲ್ಲ, ಅಲ್ವಾ? ಆಗಾಗ ಕ್ಲಚ್ ಹಿಡಿದು ಥ್ರಾಟಲ್ ಒಮ್ಮೆ ತೆರೆದು ಬಿಡಬೇಕು. ಮಾಲೀಕರು ತಿರುವು ತಿರುವಿಗೂ ಹಾಗೇ ಮಾಡಿಕೊಂಡು ಇಳಿದರು.

ಮಳೆಗಾಲಕ್ಕೆ ಟ್ಯಾಂಕ್ ಮತ್ತು ಕಾರ್ಬುರೇಟರ್ ಪೂರ್ತಿ ಖಾಲಿ ಮಾಡಿಸಿದೆ, ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಡಿಸಿದೆ. ವಾರಕ್ಕೊಮ್ಮೆ ಕಿಕ್ಕರ್ ಮೆಲ್ಲಗೆ ಒತ್ತಿ ಶಾಫ್ಟನ್ನು ಬೇರೆ ಜಾಗಕ್ಕೆ ತಿರುಗಿಸಿಡಲು ಹೇಳಿದೆ, ಸೀಲ್ ಒಂದೇ ಕಡೆ ಅಂಟಿಕೊಂಡು ಒಣಗದಂತೆ. ನವರಾತ್ರಿ ಹೊತ್ತಿಗೆ ಗಾಡಿ ತಂದಾಗ ಪುನಃ ಗಾಳಿ ತುಂಬಿ ನೋಡಿದೆ. ಬಲಬದಿಯ ಸೀಲ್ ಸೋರುತ್ತಿಲ್ಲ, ಒಂದು ಗುಳ್ಳೆಯೂ ಇಲ್ಲ. ಆದರೆ ಮುಳ್ಳು ನಿಮಿಷಕ್ಕೆ 265ಕ್ಕೆ ಇಳಿಯುತ್ತಿದೆ, ಗೇರ್ ಆಯಿಲ್ ತೂತಿನಲ್ಲಿ ಬಹಳ ಸಣ್ಣ ಸದ್ದು. ಮಿತಿಯೊಳಗೇ ಇದೆ, ಓಡಿಸಲು ಅಡ್ಡಿಯಿಲ್ಲ. ಕ್ಲಚ್ ಬದಿಯ ಹಳೆಯ ಸೀಲಿನ ಸರದಿ ಈಗ. ಅದಕ್ಕೂ ವೈಟಾನ್ ಸೀಲ್ ತರಿಸಿಟ್ಟಿದ್ದೇನೆ, ಮುಂದಿನ ಮಳೆಗಾಲದ ಬಿಡುವಿನಲ್ಲಿ ಪ್ರೈಮರಿ ಚೈನ್ ಬಿಚ್ಚಿ ಹಾಕುತ್ತೇವೆ.